ಸಾಣೆಚಕ್ರದ ಕಲ್ಲು ಯಾವ ಗುಡ್ಡದ್ದು? ಕಾರ್ಬೊರಂಡಮ್‌ನ ಹುಟ್ಟು, ಬಳಕೆ ಮತ್ತು ಅದರ ಸುತ್ತಲಿನ ನಂಬಿಕೆಗಳು

ಮುನವಳ್ಳಿಯ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ಟ್ರ್ಯಾಕ್ಟರ್ ಟ್ರೇಲರಿನ ಬೆಸುಗೆ ಉಜ್ಜುತ್ತಿದ್ದವರು ಗ್ರೈಂಡರ್ ಆರಿಸಿ, ಸವೆದ ಚಕ್ರವನ್ನು ನಮ್ಮ ಕೈಗೆ ಕೊಟ್ಟು ಕೇಳಿದರು: "ಇದು ಯಾವ ಗುಡ್ಡದ ಕಲ್ಲರೀ?" ಪಕ್ಕದಲ್ಲಿ ಕುಡಗೋಲು ಹದ ಮಾಡಿಸಲು ಬಂದಿದ್ದ ಹಿರಿಯರು "ಗೋಕಾಕ ಕಡೀದ ಇರಬೇಕು" ಅಂದರು. ಇನ್ನೊಬ್ಬರು "ಅದರಾಗ ವಜ್ರದ ಪುಡಿ ಹಾಕಿರ್ತಾರ" ಅಂದರು. ಮೂಗು ಬಾಯಿಗೆ ಏನೂ ಕಟ್ಟಿಕೊಂಡಿಲ್ಲವಲ್ಲ ಎಂದು ನಾವು ಕೇಳಿದ್ದಕ್ಕೆ ಉತ್ತರ ಇದು: "ಸಂಜೀಗೆ ಒಂದ್ ಚೂರು ಬೆಲ್ಲ ತಿಂತೀವ್ರಿ, ಧೂಳೆಲ್ಲ ಇಳದ ಹೋಕ್ಕೈತಿ."

ಈ ಮೂರು ಮಾತಿನಲ್ಲಿ ಒಂದೂ ಪೂರ್ತಿ ನಿಜವಲ್ಲ. ಬೆಲ್ಲದ ಮಾತು ಮಾತ್ರ ಜೀವಕ್ಕೆ ಸಂಬಂಧಿಸಿದ್ದು, ಹಾಗಾಗಿ ಅದನ್ನು ಸಾವಕಾಶವಾಗಿ ನೋಡೋಣ. ಮೊದಲು ಕಲ್ಲಿನ ವಿಷಯ.

ಗುಡ್ಡದಲ್ಲಿ ಸಿಗದ ಕಲ್ಲು

ಸಾಣೆ ಹಿಡಿಯಲು ನಮ್ಮವರು ಬಳಸಿದ್ದೆಲ್ಲ ಮೊದಲು ಗುಡ್ಡದ್ದೇ. ಸವದತ್ತಿ, ನವಿಲುತೀರ್ಥದ ಸುತ್ತಲಿನ ಗುಡ್ಡಗಳು ಮರಳುಗಲ್ಲು ಮತ್ತು ಬೆಣಚುಗಲ್ಲಿನವು. ಅಂಥ ಕಲ್ಲಿನ ಮೇಲೆ ನೀರು ಹನಿಸಿ ಕುಡಗೋಲು, ಕೊಡಲಿ ತಿಕ್ಕುವುದನ್ನು ಈಗಲೂ ಕಾಣಬಹುದು. ಅದರಲ್ಲಿ ಉಜ್ಜುವ ಕೆಲಸ ಮಾಡುವುದು ಬೆಣಚಿನ ಕಣ. ಮೋಸ್ ಗಡಸುತನದ ಅಳತೆಯಲ್ಲಿ ಅದು 7. ಇದಕ್ಕಿಂತ ಗಡಸಾದದ್ದು ಕುರುಂದ, ಅಳತೆ 9. ಮಾಣಿಕ್ಯ, ನೀಲಮಣಿ ಎರಡೂ ಈ ಕುರುಂದದ ಬಣ್ಣದ ರೂಪಗಳೇ. ಹಳೇ ಮೈಸೂರು ಸೀಮೆಯಲ್ಲಿ ಇದರ ನಿಕ್ಷೇಪಗಳಿವೆ. ಕುರುಂದದ ಪುಡಿಯನ್ನು ಅರಗಿನಲ್ಲಿ ಕಲಸಿ ಚಕ್ರ ಮಾಡಿ ಕತ್ತಿಗೆ, ರತ್ನಕ್ಕೆ ಸಾಣೆ ಹಿಡಿಯುವ ವಿದ್ಯೆ ಭಾರತದಲ್ಲಿ ಹಳೆಯದು. ಇಂಗ್ಲಿಷಿನ 'ಕೊರಂಡಮ್' ಎಂಬ ಪದವೂ ತಮಿಳಿನ ಕುರುಂದಂ, ಸಂಸ್ಕೃತದ ಕುರುವಿಂದದಿಂದ ಹೋದದ್ದು.

ವೆಲ್ಡಿಂಗ್ ಅಂಗಡಿಯ ಚಕ್ರದಲ್ಲಿ ಈಗ ಇರುವುದು ಸಾಮಾನ್ಯವಾಗಿ ಎರಡರಲ್ಲಿ ಒಂದು: ಕೃತಕವಾಗಿ ಕರಗಿಸಿ ಮಾಡಿದ ಕುರುಂದ (ಅಲ್ಯೂಮಿನಿಯಂ ಆಕ್ಸೈಡ್), ಇಲ್ಲವೇ ಸಿಲಿಕಾನ್ ಕಾರ್ಬೈಡ್. ಎರಡನೆಯದಕ್ಕೇ ಕಾರ್ಬೊರಂಡಮ್ ಎಂದು ಹೆಸರು. ಗಡಸುತನ 9 ದಾಟಿ 9.5ರ ಹತ್ತಿರ. ಮೇಲಿರುವುದು ವಜ್ರ ಮತ್ತು ಕೆಲವೇ ಕೃತಕ ವಸ್ತುಗಳು. ಭೂಮಿಯ ಮೇಲೆ ಇದು ನೈಸರ್ಗಿಕವಾಗಿ ಸಿಗುವುದು ತೀರಾ ಅಪರೂಪ, ಅದೂ ಪುಡಿಪುಡಿಯಾಗಿ. ಗಣಿ ತೋಡಿ ತೆಗೆಯುವಷ್ಟು ಎಲ್ಲೂ ಇಲ್ಲ.

ಬಟ್ಟಲಿನಲ್ಲಿ ಹುಟ್ಟಿದ ಹರಳು

1891. ಅಮೆರಿಕದ ಪೆನ್ಸಿಲ್ವೇನಿಯಾದ ಮೊನೊಂಗಹೀಲಾ ಎಂಬ ಸಣ್ಣ ಊರು. ಎಡ್ವರ್ಡ್ ಗುಡ್ರಿಚ್ ಅಚೆಸನ್ ಅದಕ್ಕೂ ಹತ್ತು ವರ್ಷ ಮುಂಚೆ ಥಾಮಸ್ ಎಡಿಸನ್ ಬಳಿ ಕೆಲಸ ಮಾಡಿದ್ದವರು. ಒಂದು ಕಬ್ಬಿಣದ ಬಟ್ಟಲಿನಲ್ಲಿ ಜೇಡಿಮಣ್ಣು ಮತ್ತು ಕೋಕ್ ಪುಡಿ ಬೆರೆಸಿ, ನಡುವೆ ಇಂಗಾಲದ ಕಡ್ಡಿ ತೂರಿಸಿ ಜೋರು ವಿದ್ಯುತ್ ಹರಿಸಿದರು. ಆರಿದ ಮೇಲೆ ಕಡ್ಡಿಯ ತುದಿಗೆ ಹೊಳೆಯುವ ಸಣ್ಣ ಹರಳುಗಳು ಅಂಟಿದ್ದವು. ಗಾಜಿನ ಮೇಲೆ ಎಳೆದರೆ ಗೆರೆ ಬಿತ್ತು.

ಜೇಡಿಮಣ್ಣಿನಲ್ಲಿ ಅಲ್ಯೂಮಿನಾ ಇರುತ್ತದೆ. ಹಾಗಾಗಿ ಇದು ಇಂಗಾಲ (ಕಾರ್ಬನ್) ಮತ್ತು ಕೊರಂಡಮ್ ಕೂಡಿ ಆದದ್ದು ಎಂದು ಅಚೆಸನ್ ಊಹಿಸಿ ಎರಡೂ ಹೆಸರು ಜೋಡಿಸಿದರು: ಕಾರ್ಬೊರಂಡಮ್. ಊಹೆ ತಪ್ಪಿತ್ತು. ಪರೀಕ್ಷೆ ಮಾಡಿದಾಗ ಅದರಲ್ಲಿ ಇದ್ದದ್ದು ಸಿಲಿಕಾನ್ ಮತ್ತು ಇಂಗಾಲ ಮಾತ್ರ. ಜೇಡಿಮಣ್ಣಿನ ಬದಲು ಉಸುಕು ಸಾಕಿತ್ತು. ಆದರೆ ಹೆಸರು ಅಂಟಿಕೊಂಡುಬಿಟ್ಟಿತ್ತು. ಹೀಗೆ ಒಬ್ಬ ಅಮೆರಿಕನ್ನರ ತಪ್ಪು ತಿಳಿವಳಿಕೆಯಿಂದ ನಮ್ಮ ದಕ್ಷಿಣದ 'ಕುರುಂದ' ಎಂಬ ಮಾತು ಕುರುಂದವೇ ಇಲ್ಲದ ವಸ್ತುವಿನ ಹೆಸರಿಗೆ ಬಾಲವಾಗಿ ಸೇರಿತು. ಪೇಟೆಂಟ್ ಸಿಕ್ಕಿದ್ದು 1893ರ ಫೆಬ್ರವರಿಯಲ್ಲಿ.

ಮೊದಲ ಹರಳುಗಳನ್ನು ಅವರು ರತ್ನಕ್ಕೆ ಮೆರುಗು ಕೊಡುವವರಿಗೆ ವಜ್ರದ ಪುಡಿಯಂತೆ ಕ್ಯಾರಟ್ ಲೆಕ್ಕದಲ್ಲಿ ಮಾರಿದರು. ಕೆ.ಜಿ. ಲೆಕ್ಕಕ್ಕೆ, ಆಮೇಲೆ ಟನ್ ಲೆಕ್ಕಕ್ಕೆ ಇಳಿಯಬೇಕಾದರೆ ಬೇಕಿದ್ದದ್ದು ಅಗ್ಗದ ವಿದ್ಯುತ್. 1895ರಲ್ಲಿ ಕಾರ್ಖಾನೆ ನಯಾಗರಾ ಜಲಪಾತದ ಬಳಿಗೆ ಹೋಯಿತು. ಅಲ್ಲಿನ ಹೊಸ ಜಲವಿದ್ಯುತ್ ಕೇಂದ್ರದ ಮೊದಮೊದಲ ಗಿರಾಕಿಗಳಲ್ಲಿ ಅದೂ ಒಂದು. ನಮ್ಮ ಓದುಗರಿಗೆ ಈ ಕಥೆ ಹೊಸದೆನಿಸಲಾರದು. 1887ರಿಂದ ಗೋಕಾಕ ಮಿಲ್ಲು ಜಲಪಾತದ ಬಲದಿಂದಲೇ ನೂಲು ತೆಗೆದದ್ದು, 1902ರಲ್ಲಿ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹೋದದ್ದು ಇದೇ ಕಾಲದ ಇದೇ ಲೆಕ್ಕಾಚಾರ.

ವಿದ್ಯುತ್ ಯಾಕೆ ಅಷ್ಟು ಬೇಕು? ಬೆಣಚಿನ ಉಸುಕಿನಲ್ಲಿ ಸಿಲಿಕಾನ್ ಮತ್ತು ಆಮ್ಲಜನಕ ಬಲವಾಗಿ ಕಟ್ಟಿಕೊಂಡಿರುತ್ತವೆ. ಆ ಕಟ್ಟು ಬಿಡಿಸಿ ಆಮ್ಲಜನಕದ ಜಾಗಕ್ಕೆ ಇಂಗಾಲ ಕೂರಿಸಬೇಕಾದರೆ 2,000 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖ ಬೇಕು. ಕಬ್ಬಿಣ ಕರಗುವುದು 1,538ಕ್ಕೆ. ರಸಾಯನಶಾಸ್ತ್ರದ ಲೆಕ್ಕದಲ್ಲಿ 60 ಕೆ.ಜಿ. ಶುದ್ಧ ಉಸುಕಿಗೆ 36 ಕೆ.ಜಿ. ಇಂಗಾಲ ಸೇರಿದರೆ 40 ಕೆ.ಜಿ. ಕಾರ್ಬೊರಂಡಮ್ ಸಿಗುತ್ತದೆ. ಉಳಿದ 56 ಕೆ.ಜಿ. ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವಾಗಿ ಹೊರಡುತ್ತದೆ. ಏನೂ ಪೋಲಾಗದಿದ್ದರೂ ಕೆ.ಜಿ.ಗೆ 4.3 ಯೂನಿಟ್ ವಿದ್ಯುತ್ ಬೇಕು. ನಿಜವಾದ ಕುಲುಮೆಯಲ್ಲಿ ಇದಕ್ಕಿಂತ ಬಹಳ ಹೆಚ್ಚು ಖರ್ಚಾಗುತ್ತದೆ.

ಈಗಲೂ ಬಹುಪಾಲು ತಯಾರಿಕೆ ಅಚೆಸನ್ ದಾರಿಯಲ್ಲೇ. ಉದ್ದನೆಯ ತೊಟ್ಟಿಯಲ್ಲಿ ಉಸುಕು ಮತ್ತು ಪೆಟ್ರೋಲಿಯಂ ಕೋಕ್ ತುಂಬಿ, ನಡುವೆ ಗ್ರಾಫೈಟಿನ ಸಾಲು ಹಾಸಿ ಅದರ ಮೂಲಕ ವಿದ್ಯುತ್ ಹರಿಸುತ್ತಾರೆ. ಒಂದೂವರೆ ದಿನದಷ್ಟು ಕಾಯಿಸಿ, ದಿನಗಟ್ಟಲೆ ಆರಬಿಟ್ಟು ಒಡೆದರೆ ಗ್ರಾಫೈಟಿನ ಸುತ್ತ ದಪ್ಪ ಹರಳಿನ ಕೊಳವೆ ಕಟ್ಟಿರುತ್ತದೆ. ಶುದ್ಧವಾದದ್ದಕ್ಕೆ ಬಣ್ಣವಿಲ್ಲ. ಮಾರುಕಟ್ಟೆಗೆ ಬರುವುದು ಹಸಿರು, ಮತ್ತು ಸ್ವಲ್ಪ ಹೆಚ್ಚು ಕಲ್ಮಶವಿರುವ ಕಪ್ಪು. ಮೇಲೆ ನವಿಲುಗರಿಯಂತೆ ಹೊಳೆಯುವ ಬಣ್ಣ ಹರಳಿನದಲ್ಲ. ಅದರ ಮೇಲೆ ಕೂತ ತೆಳುವಾದ ಸಿಲಿಕಾ ಪೊರೆಯದು. ನೀರಿನ ಮೇಲೆ ಎಣ್ಣೆ ಬಣ್ಣ ತೋರಿಸಿದ ಹಾಗೆ.

ಭಾರತದಲ್ಲಿ 1954ರಲ್ಲಿ ಮದ್ರಾಸಿನ ಮುರುಗಪ್ಪ ಸಮೂಹವು ಅಮೆರಿಕದ ಕಾರ್ಬೊರಂಡಮ್ ಕಂಪನಿ ಮತ್ತು ಇಂಗ್ಲೆಂಡಿನ ಯೂನಿವರ್ಸಲ್ ಗ್ರೈಂಡಿಂಗ್ ವೀಲ್ ಕಂಪನಿಯೊಂದಿಗೆ ಸೇರಿ ಕಾರ್ಬೊರಂಡಮ್ ಯೂನಿವರ್ಸಲ್ ಸ್ಥಾಪಿಸಿತು. ಅದರ ಸಿಲಿಕಾನ್ ಕಾರ್ಬೈಡ್ ಕುಲುಮೆಗಳು ಕೇರಳದ ಕೊರಟ್ಟಿಯಲ್ಲಿವೆ, ಚಕ್ರ ತಯಾರಿಸುವ ಒಂದು ಘಟಕ ನಮ್ಮ ಗಡಿಯಾಚೆಯ ಹೊಸೂರಿನಲ್ಲಿದೆ. ವಿದ್ಯುತ್ತಿಗಾಗಿ ಕಂಪನಿ ಮಣಿಯಾರ್‌ನಲ್ಲಿ 12 ಮೆಗಾವಾಟಿನ ಸ್ವಂತ ಜಲವಿದ್ಯುತ್ ಕೇಂದ್ರ ಕಟ್ಟಿಕೊಂಡಿತು. ನಯಾಗರಾದ ಪಾಠ ಇಲ್ಲಿಯೂ ಬದಲಾಗಲಿಲ್ಲ. ಇನ್ನೊಂದು ದೊಡ್ಡ ಹೆಸರಾದ ಗ್ರೈಂಡ್‌ವೆಲ್ ನಾರ್ಟನ್‌ನ ಒಂದು ಕಾರ್ಖಾನೆ ಬೆಂಗಳೂರಿನಲ್ಲಿದೆ.

ಹೆಚ್ಚು ಗಡಸಾದದ್ದೇ ಒಳ್ಳೆಯದೇ?

ಇದು ಅಂಗಡಿಗಳಲ್ಲಿ ಬಹಳ ಕೇಳುವ ನಂಬಿಕೆ: "ಗಟ್ಟಿ ಕಲ್ಲು ಕೊಡ್ರಿ, ಎಲ್ಲಾದಕ್ಕೂ ನಡೀತೈತಿ." ನಡೆಯುವುದಿಲ್ಲ. ಕಾರ್ಬೊರಂಡಮ್ ಕೃತಕ ಕುರುಂದಕ್ಕಿಂತ ಗಡಸು, ನಿಜ. ಆದರೂ ಉಕ್ಕನ್ನು ಉಜ್ಜಲು ಕುರುಂದದ ಚಕ್ರವೇ ಬಾಳಿಕೆ ಬರುತ್ತದೆ. ಕಾರಣ ಗಡಸುತನದಲ್ಲಿಲ್ಲ, ರಸಾಯನದಲ್ಲಿದೆ. ಉಜ್ಜುವ ಜಾಗದಲ್ಲಿ ಕಣದ ತುದಿ ವಿಪರೀತ ಕಾಯುತ್ತದೆ. ಬಿಸಿ ಕಬ್ಬಿಣ ಇಂಗಾಲವನ್ನು ಹೀರಿಕೊಳ್ಳುತ್ತದೆ. ಕಾರ್ಬೊರಂಡಮ್‌ನ ತುದಿಯಲ್ಲಿ ಇಂಗಾಲ ಇದ್ದೇ ಇದೆ, ಹಾಗಾಗಿ ಚೂಪು ಬೇಗ ಕರಗಿ ಮೊಂಡಾಗುತ್ತದೆ. ವಜ್ರಕ್ಕೂ ಇದೇ ಗತಿ, ಅದಂತೂ ಬರೀ ಇಂಗಾಲ.

ಬೀಡಿನಲ್ಲಿ ಮೊದಲೇ ಬೇಕಾದಷ್ಟು ಇಂಗಾಲ ಇರುವುದರಿಂದ ಅದರ ಮೇಲೆ ಕಪ್ಪು ಕಾರ್ಬೊರಂಡಮ್ ಚೆನ್ನಾಗಿ ಕೆಲಸ ಮಾಡುತ್ತದೆ. ಹಿತ್ತಾಳೆ, ಅಲ್ಯೂಮಿನಿಯಂ, ರಬ್ಬರ್, ಗಾಜು, ಇಳಕಲ್ಲಿನ ಗ್ರಾನೈಟು, ಮನೆಯ ಮೊಸಾಯಿಕ್ ನೆಲ, ಎಲ್ಲ ಇದರ ಪಾಲು. ಲೇಥ್ ಅಂಗಡಿಯ ಗ್ರೈಂಡರಿನಲ್ಲಿ ಒಂದು ಬದಿಗೆ ಬೂದು, ಇನ್ನೊಂದು ಬದಿಗೆ ಹಸಿರು ಚಕ್ರ ಕಾಣುತ್ತೀರಲ್ಲ, ಆ ಹಸಿರು ಕಾರ್ಬೈಡ್ ತುದಿಯ ಟೂಲುಗಳಿಗೆ. ಅದರಲ್ಲಿ ಸಾದಾ ಕಬ್ಬಿಣ ಉಜ್ಜಿದರೆ ದುಬಾರಿ ಚಕ್ರ ಹಾಳಾಗುತ್ತದೆ, ಅಷ್ಟೇ.

ಗುರುತಿಸುವುದು ಸುಲಭ. ಚಕ್ರದ ಚೀಟಿಯ ಮೇಲೆ ಮೊದಲು 'ಎ' ಅಕ್ಷರವಿದ್ದರೆ ಅಲ್ಯೂಮಿನಿಯಂ ಆಕ್ಸೈಡ್, 'ಸಿ' ಇದ್ದರೆ ಸಿಲಿಕಾನ್ ಕಾರ್ಬೈಡ್, 'ಜಿಸಿ' ಅಂದರೆ ಹಸಿರು. ಮುಂದಿನ ಅಂಕೆ ಕಣದ ಗಾತ್ರ. ಅಂಕೆ ದೊಡ್ಡದಾದಷ್ಟೂ ಕಣ ಸಣ್ಣದು. ಆಮೇಲಿನ ಅಕ್ಷರ ಬಂಧ ಎಷ್ಟು ಬಿಗಿ ಎಂಬುದಕ್ಕೆ. ಕೊನೆಯ 'ವಿ' ಅಂದರೆ ಮಣ್ಣಿನಂತೆ ಸುಟ್ಟ ಬಂಧ, 'ಬಿಎಫ್' ಅಂದರೆ ನಾರಿನ ಬಲೆ ಇಟ್ಟ ರಾಳದ ಬಂಧ. ಕೈಗ್ರೈಂಡರಿನವೆಲ್ಲ ಈ ಕೊನೆಯ ಬಗೆ.

ಕಿಡಿ ಹಾರುವುದು ಕಲ್ಲಿನಿಂದ ಎಂಬುದೂ ತಪ್ಪು. ಹಾರುವುದು ಬಿಸಿಯಾದ ಉಕ್ಕಿನ ಚೂರು, ಗಾಳಿಯಲ್ಲಿ ಉರಿಯುತ್ತ. ಅಲ್ಯೂಮಿನಿಯಂ ಉಜ್ಜಿ ನೋಡಿ, ಕಿಡಿ ಬರುವುದಿಲ್ಲ.

ಚಕ್ರದ ಆಚೆಗೆ

ಕಾರ್ಬೊರಂಡಮ್ ಬರೀ ಸಾಣೆಯ ವಸ್ತುವಲ್ಲ. ನೀರಿನಲ್ಲಿ ಅದ್ದಿ ತಿಕ್ಕುವ ಕಪ್ಪು ಪಾಲಿಶ್ ಪೇಪರಿನ ಕಣ ಇದೇ. ಆ ಕಾಗದವನ್ನು ಅಮೆರಿಕದ 3ಎಂ ಕಂಪನಿ 1921ರಲ್ಲಿ ಮಾರುಕಟ್ಟೆಗೆ ತಂದಿತು, ಫ್ರಾನ್ಸಿಸ್ ಓಕಿ ಎಂಬವರ ಯೋಚನೆಯಿಂದ. ಕಾರಿನ ಬಣ್ಣ ತಿಕ್ಕುವವರ ಮೂಗಿಗೆ ಹೋಗುತ್ತಿದ್ದ ಧೂಳು ಅದರಿಂದ ಕಡಿಮೆಯಾಯಿತು. ಬೀಡು ಕರಗಿಸುವಾಗ ಸಿಲಿಕಾನ್ ಮತ್ತು ಇಂಗಾಲ ಸೇರಿಸಲು ಫೌಂಡ್ರಿಗಳು ಇದನ್ನು ಕುಲುಮೆಗೆ ಹಾಕುತ್ತವೆ. ಕುಲುಮೆಯ ಇಟ್ಟಿಗೆ, ಪಂಪಿನ ಸೀಲು, ಗುಂಡು ತಡೆಯುವ ಫಲಕಗಳಲ್ಲೂ ಇದೆ. ಅಕ್ಕಿ ಗಿರಣಿಯಲ್ಲಿ ಅಕ್ಕಿ ಬಿಳುಪು ಮಾಡುವ ಉರುಳೆಗೂ ಇದನ್ನು ಇಲ್ಲವೇ ಎಮರಿ ಕಣವನ್ನು ಬಳಸುತ್ತಾರೆ.

ಇದಕ್ಕೆ ಒಂದು ವಿದ್ಯುತ್ ಗುಣವೂ ಇದೆ. 1906ರಲ್ಲಿ ಹೆನ್ರಿ ಡನ್‌ವುಡಿ ರೇಡಿಯೊ ಸಂಕೇತ ಹಿಡಿಯಲು ಕಾರ್ಬೊರಂಡಮ್ ಹರಳು ಬಳಸಿದರು. 1907ರಲ್ಲಿ ಎಚ್. ಜೆ. ರೌಂಡ್ ಎಂಬವರು ಹರಳಿಗೆ ವಿದ್ಯುತ್ ಕೊಟ್ಟಾಗ ಮಂದ ಬೆಳಕು ಬಂದದ್ದನ್ನು ಬರೆದಿಟ್ಟರು. ಎಲ್‌ಇಡಿ ಬಲ್ಬಿನ ಮುತ್ತಜ್ಜ ಅದೇ. ಇಂದು ವಿದ್ಯುತ್ ಕಾರುಗಳ ಇನ್ವರ್ಟರ್‌ಗಳಲ್ಲಿ ಸಿಲಿಕಾನ್ ಕಾರ್ಬೈಡ್ ಚಿಪ್‌ಗಳಿವೆ.

ಭೂಮಿಯಲ್ಲಿ ಅಪರೂಪ ಎಂದೆವಲ್ಲ, ಆಕಾಶದಲ್ಲಿ ಅಷ್ಟು ಅಪರೂಪವಲ್ಲ. ಅರಿಜೋನಾದ ಉಲ್ಕಾಶಿಲೆಯಲ್ಲಿ ಇದನ್ನು ಗುರುತಿಸಿದ ಆನ್ರಿ ಮೊಯ್ಸಾನ್ ಹೆಸರಿನಿಂದ ನೈಸರ್ಗಿಕ ರೂಪಕ್ಕೆ ಮೊಯ್ಸನೈಟ್ ಎನ್ನುತ್ತಾರೆ. ಆಭರಣದ ಅಂಗಡಿಯಲ್ಲಿ ವಜ್ರದ ಬದಲಿಗೆ ಮಾರುವ ಮೊಯ್ಸನೈಟ್ ಕಾರ್ಖಾನೆಯಲ್ಲಿ ಬೆಳೆಸಿದ್ದು. 1969ರಲ್ಲಿ ಆಸ್ಟ್ರೇಲಿಯಾದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕೆಯ ಕೆಲವು ಸಿಲಿಕಾನ್ ಕಾರ್ಬೈಡ್ ಕಣಗಳ ವಯಸ್ಸು 500ರಿಂದ 700 ಕೋಟಿ ವರ್ಷ ಎಂದು 2020ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ನಮ್ಮ ಸೂರ್ಯನಿಗೆ ಸುಮಾರು 460 ಕೋಟಿ.

ಧೂಳು ಮತ್ತು ಬೆಲ್ಲ

ಈಗ ಅಂಗಡಿಯವರ ಮಾತಿಗೆ ಬರೋಣ. "ಕೃತಕ ಕಲ್ಲಿನ ಧೂಳು ವಿಷ, ಗುಡ್ಡದ ಕಲ್ಲಿನದು ಮಣ್ಣಷ್ಟೇ" ಎಂದು ನಂಬುವವರು ಅನೇಕರಿದ್ದಾರೆ. ಚರಿತ್ರೆ ತಿರುವು ಮುರುವಾಗಿ ಹೇಳುತ್ತದೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಚಾಕು, ಕತ್ತರಿ, ಮುಳ್ಳುಚಮಚಕ್ಕೆ ಮರಳುಗಲ್ಲಿನ ಚಕ್ರದಲ್ಲಿ ಒಣ ಸಾಣೆ ಹಿಡಿಯುತ್ತಿದ್ದವರು ಚಿಕ್ಕ ವಯಸ್ಸಿಗೇ ಉಸಿರು ಕಟ್ಟಿ ಸಾಯುತ್ತಿದ್ದರು. ಕಾರಣ ಬೆಣಚಿನ ಸೂಕ್ಷ್ಮ ಧೂಳು. ಕುರುಂದ, ಕಾರ್ಬೊರಂಡಮ್‌ನ ಕೃತಕ ಚಕ್ರಗಳು ಮರಳುಗಲ್ಲಿನ ಜಾಗಕ್ಕೆ ಬಂದ ಮೇಲೆ ಆ ಕಸುಬಿನಲ್ಲಿ ಈ ರೋಗ ಇಳಿಯಿತು. ಬೀಡಿನ ಎರಕವನ್ನು ಉಸುಕು ಊದಿ ಸ್ವಚ್ಛ ಮಾಡುವುದನ್ನು ಬ್ರಿಟನ್ 1949ರ ನಿಯಮಗಳಿಂದ ನಿಷೇಧಿಸಿತು.

ರೋಗದ ಹೆಸರು ಸಿಲಿಕೋಸಿಸ್. ಬೆಣಚಿನ ಅತಿ ಸಣ್ಣ ಕಣ ಶ್ವಾಸಕೋಶದ ತಳದ ಗಾಳಿಚೀಲದವರೆಗೆ ಇಳಿಯುತ್ತದೆ. ಅದನ್ನು ನುಂಗಲು ಬಂದ ರಕ್ಷಕ ಕೋಶ ತಾನೇ ಸಾಯುತ್ತದೆ, ಕಣ ಮತ್ತೆ ಹೊರಬೀಳುತ್ತದೆ, ಇನ್ನೊಂದು ಕೋಶ ಬರುತ್ತದೆ. ಹೀಗೆ ವರ್ಷಗಟ್ಟಲೆ ನಡೆದು ಶ್ವಾಸಕೋಶದಲ್ಲಿ ಗಾಯದ ಗಂಟುಗಳು ಕಟ್ಟುತ್ತವೆ. ಅವು ಮತ್ತೆ ಮೃದುವಾಗುವುದಿಲ್ಲ. ಭಾರತದಲ್ಲಿ ಇದು ಮೊದಲು ವರದಿಯಾದದ್ದು ನಮ್ಮ ಕೋಲಾರದ ಚಿನ್ನದ ಗಣಿಯಿಂದಲೇ, 1934ರಲ್ಲಿ. 1940ರ ದಶಕದಲ್ಲಿ ಅಲ್ಲಿ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ 40ಕ್ಕಿಂತ ಹೆಚ್ಚು ಜನರಲ್ಲಿ ರೋಗ ಕಂಡಿತು. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಅಂಟುವ ಸಾಧ್ಯತೆ ಹೆಚ್ಚು. ಎರಡರ ಲಕ್ಷಣವೂ ಹತ್ತಿರ. ಹಾಗಾಗಿ ವೈದ್ಯರ ಬಳಿ ಹೋದಾಗ "ನಾನು ಕಲ್ಲಿನ ಕೆಲಸ ಮಾಡುತ್ತೇನೆ", "ಫೌಂಡ್ರಿಯಲ್ಲಿದ್ದೇನೆ" ಎಂದು ತಾವಾಗಿಯೇ ಹೇಳಬೇಕು. ಕೇಳದಿದ್ದರೂ ಹೇಳಬೇಕು.

ಹಾಗಾದರೆ ಕಾರ್ಬೊರಂಡಮ್ ಚಕ್ರ ಪೂರ್ತಿ ಸುರಕ್ಷಿತವೇ? ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಚಕ್ರದಿಂದ ಉದುರುವ ಧೂಳಿಗಿಂತ ಉಜ್ಜುವ ವಸ್ತುವಿನಿಂದ ಏಳುವ ಧೂಳು ಎಷ್ಟೋ ಪಾಲು ಹೆಚ್ಚು. ಕಾರ್ಬೊರಂಡಮ್ ಚಕ್ರದಿಂದ ಗ್ರಾನೈಟ್ ಅಥವಾ ಮರಳುಗಲ್ಲು ಕೊಯ್ದರೆ ಮೂಗಿಗೆ ಹೋಗುವುದು ಬೆಣಚೇ. ಬೆಳಗಾವಿಯ ಉದ್ಯಮಬಾಗದಂಥ ಫೌಂಡ್ರಿ ಪ್ರದೇಶಗಳಲ್ಲಿ ಎರಕವನ್ನು ಉಜ್ಜುವಾಗಲೂ ಹಾಗೆಯೇ, ಬೀಡಿಗೆ ಅಚ್ಚಿನ ಉಸುಕು ಸುಟ್ಟು ಅಂಟಿರುತ್ತದೆ. ಕಬ್ಬಿಣದ ಕೆಲಸವಾದರೆ ಲೋಹದ, ಬಣ್ಣದ ಧೂಳು. ಇನ್ನು ಕಾರ್ಬೊರಂಡಮ್ ತಯಾರಿಸುವ ಕುಲುಮೆಯ ಬಳಿಯ ಕೆಲಸ ಬೇರೆ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅಚೆಸನ್ ವಿಧಾನದ ಕುಲುಮೆಯಲ್ಲಿ ಆಗುವ ಒಡ್ಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವಂಥದ್ದು ಎಂದು ವರ್ಗೀಕರಿಸಿದೆ. ಬೆಣಚಿನ ಧೂಳಂತೂ 1997ರಿಂದಲೇ ಆ ಪಟ್ಟಿಯಲ್ಲಿದೆ. 'ಕಾರ್ಬೊರಂಡಮ್‌ನಿಂದ ಕ್ಯಾನ್ಸರ್' ಎಂದು ಮೊಬೈಲಿನಲ್ಲಿ ಬರುವ ಸಂದೇಶಗಳು ಕುಲುಮೆಯ ಮಾತನ್ನು ಚಕ್ರಕ್ಕೆ ಅಂಟಿಸಿದವು.

ಬೆಲ್ಲ. ತಿಂದದ್ದು ಅನ್ನನಾಳಕ್ಕೆ ಹೋಗುತ್ತದೆ, ಧೂಳು ಇರುವುದು ಶ್ವಾಸಕೋಶದಲ್ಲಿ. ಎರಡೂ ದಾರಿ ಬೇರೆ. ಗಂಟಲಿಗೆ ಬೆಲ್ಲ ಹಿತವೆನಿಸುವುದು ನಿಜ, ಆ ಹಿತವನ್ನೇ ಜನ ಧೂಳು ಇಳಿದದ್ದಕ್ಕೆ ಸಾಕ್ಷಿ ಎಂದುಕೊಳ್ಳುತ್ತಾರೆ. ಈ ನಂಬಿಕೆಯನ್ನು ವಿಜ್ಞಾನಿಗಳು ತಳ್ಳಿಹಾಕದೆ ಪರೀಕ್ಷಿಸಿಯೂ ನೋಡಿದ್ದಾರೆ. ಲಖನೌದ ಸಂಶೋಧಕರಾದ ಸಾಹು ಮತ್ತು ಸಕ್ಸೇನಾ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೆಲ್ಲ ತಿನ್ನಿಸಿದ ಇಲಿಗಳಲ್ಲಿ ಧೂಳಿನ ಕಣಗಳು ಶ್ವಾಸಕೋಶದಿಂದ ಹತ್ತಿರದ ದುಗ್ಧಗ್ರಂಥಿಗಳಿಗೆ ಹೆಚ್ಚು ಸಾಗಿದ್ದು ಕಂಡಿತು. ಈ ಅಧ್ಯಯನವನ್ನು ತೋರಿಸಿ "ವಿಜ್ಞಾನವೂ ಒಪ್ಪಿದೆ" ಎನ್ನುವವರಿದ್ದಾರೆ. ಗಮನಿಸಿ: ಅದು ಇಲಿಗಳ ಮೇಲಿನದು, ಮತ್ತು ಅದರಿಂದ ಬೆಲ್ಲ ತಿನ್ನುವ ಕಾರ್ಮಿಕರಿಗೆ ಸಿಲಿಕೋಸಿಸ್ ಬರುವುದಿಲ್ಲ ಎಂದಾಗುವುದಿಲ್ಲ. ಮಾಸ್ಕಿನ ಬದಲಿಗೆ ಮಾಲೀಕರು ಬೆಲ್ಲ ಹಂಚುವುದನ್ನು ನಾವು ಒಪ್ಪಲಾರೆವು. ಬೆಲ್ಲ ಅಗ್ಗ, ಅದಕ್ಕೇ ಈ ನಂಬಿಕೆ ಇಷ್ಟು ಗಟ್ಟಿ ಎನಿಸುತ್ತದೆ.

ಟವೆಲ್ ಕಟ್ಟಿಕೊಂಡರೆ ದಪ್ಪ ಧೂಳು ನಿಲ್ಲುತ್ತದೆ, ರೋಗ ತರುವ ಸಣ್ಣ ಧೂಳು ನೂಲಿನ ಸಂದಿನಲ್ಲಿ ಸಲೀಸಾಗಿ ನುಸುಳುತ್ತದೆ. ಎನ್95 ಮಾಸ್ಕ್ ಮುಖಕ್ಕೆ ಸರಿಯಾಗಿ ಕೂತರೆ ಅದನ್ನೂ ಬಹುಮಟ್ಟಿಗೆ ತಡೆಯುತ್ತದೆ. ಅದಕ್ಕಿಂತ ಮೇಲು ಕಲ್ಲು ಕೊಯ್ಯುವಾಗ ನೀರು ಬಿಡುವುದು. ಆದರೆ ಕರೆಂಟಿನ ಕೈಗ್ರೈಂಡರಿಗೆ ನೀರು ಹೊಯ್ಯುವುದು ಅಪಾಯ, ನೀರಿಗೆಂದೇ ಮಾಡಿದ ಯಂತ್ರ ಬೇಕು. 1948ರ ಕಾರ್ಖಾನೆ ಕಾಯ್ದೆ ಸಿಲಿಕೋಸಿಸನ್ನು ವರದಿ ಮಾಡಲೇಬೇಕಾದ ರೋಗ ಎಂದು ಹೆಸರಿಸಿತ್ತು. ಮೂವರು ದುಡಿಯುವ ವೆಲ್ಡಿಂಗ್ ಅಂಗಡಿ ಆ ಕಾಯ್ದೆಯ ಲೆಕ್ಕದಲ್ಲಿ ಕಾರ್ಖಾನೆಯೇ ಅಲ್ಲ.

ಒಡೆಯುವ ಚಕ್ರ

ಧೂಳು ನಿಧಾನ, ಚಕ್ರ ಒಡೆಯುವುದು ಕ್ಷಣದ ಮಾತು. 4 ಇಂಚಿನ ಚಕ್ರ ನಿಮಿಷಕ್ಕೆ 11,000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ 207 ಕಿ.ಮೀ. ಇಂಥ ಚಕ್ರಗಳನ್ನು ಸೆಕೆಂಡಿಗೆ 80 ಮೀಟರ್, ಅಂದರೆ ಗಂಟೆಗೆ 288 ಕಿ.ಮೀ. ವೇಗಕ್ಕೆ ಮಾಡಿರುತ್ತಾರೆ. "ದೊಡ್ಡ ವೀಲ್ ಹಾಕಿದ್ರ ಕೆಲಸ ಲಗೂ ಆಗ್ತೈತಿ" ಎಂದು ಗಾರ್ಡ್ ಬಿಚ್ಚಿ ಅದೇ ಯಂತ್ರಕ್ಕೆ 7 ಇಂಚಿನದು ಕೂರಿಸುವುದನ್ನು ನಾವು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇವೆ. ಆಗ ಅಂಚಿನ ವೇಗ 373 ಕಿ.ಮೀ.ಗೆ ಹೋಗುತ್ತದೆ, ಚಕ್ರವನ್ನು ಸೀಳುವ ಬಲ ಅದು ತಾಳಬಲ್ಲ ಮಿತಿಯ 1.7 ಪಟ್ಟು ಆಗುತ್ತದೆ. 7 ಇಂಚಿನ ಚಕ್ರದ ಮೇಲೆ 8,500 ಸುತ್ತಿನ ಆಸುಪಾಸಿನ ಮಿತಿ ಅಚ್ಚಾಗಿರುವುದು ಇದಕ್ಕೇ.

ಮಣ್ಣಿನ ಬಂಧದ ದೊಡ್ಡ ಚಕ್ರವನ್ನು ಕೂರಿಸುವ ಮುನ್ನ ಮರದ ಹಿಡಿಕೆಯಿಂದ ಮೆಲ್ಲಗೆ ತಟ್ಟಿ ನೋಡಿ. ಮಡಕೆ ಕೊಳ್ಳುವಾಗ ತಟ್ಟುವ ಹಾಗೆಯೇ. ನಾದ ಸ್ಪಷ್ಟವಾಗಿದ್ದರೆ ಸರಿ, ಬದ್ದೆಂದರೆ ಒಳಗೆ ಸೀಳು. ರಾಳದ ತೆಳು ಚಕ್ರ ಹಾಗೆ ನುಡಿಯುವುದಿಲ್ಲ. ಅದಕ್ಕೆ ಬೇರೆ ಗುರುತಿದೆ: ನಡುವಿನ ಲೋಹದ ಉಂಗುರದ ಮೇಲೆ ತಿಂಗಳು, ವರ್ಷ ಅಚ್ಚಾಗಿರುತ್ತದೆ. ರಾಳ ತೇವಕ್ಕೆ ಸಡಿಲಾಗುವುದರಿಂದ ಸಾಮಾನ್ಯವಾಗಿ ತಯಾರಾದ ಮೂರು ವರ್ಷಕ್ಕೆ ಅವಧಿ ಮುಗಿಯುತ್ತದೆ. ಮುನವಳ್ಳಿಯ ಆ ಅಂಗಡಿಯಲ್ಲಿ ನಾವು ಈ ಮಾತು ಹೇಳಿದಾಗ ಅವರು ಡಬ್ಬಿ ತೆರೆದು ಚಕ್ರಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದರು. ಒಂಬತ್ತರಲ್ಲಿ ನಾಲ್ಕರ ತಾರೀಖು ಮೀರಿತ್ತು. ಮತ್ತೆ ಯಾರೂ ಎತ್ತಿ ಹಾಕದಂತೆ ಅವನ್ನು ಅಲ್ಲೇ ಸುತ್ತಿಗೆಯಿಂದ ಒಡೆದರು.